ಒರೆ ಬಿಟ್ಟು ಬಂದ ಗಿರಾಕಿ

ಗ್ಲೆನ್ನಾ ರಾಡ್ಕಿಯ ಅಂಗಡಿಗೆ ಪಿಸ್ತೂಲು ತರುವವರು ಅದರ ಜೊತೆಗೆ ಇನ್ನೂ ಮೂರು ಸಾಮಾನು ತರಬೇಕು: ಪಿಸ್ತೂಲು ಇಡುವ ಒರೆ, ಒರೆ ಸಿಕ್ಕಿಸುವ ಬೆಲ್ಟು, ಅದರ ಮೇಲೆ ತೊಡುವ ಕೋಟು. ಬೇಟೆ ಬಂದೂಕಿಗೆ ಈ ಕಟ್ಟಳೆ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಅಂಗಿಯ ಮರೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ, ಅಂಗೈಯಗಲದ ಪಿಸ್ತೂಲಿಗೆ ಮಾತ್ರ. ಹೊಸಬರಿಗೆ ಇದು ತಮಾಷೆಯಾಗಿ ಕಾಣುತ್ತದೆ. "ಕೋಟಿಗೂ ಎಣ್ಣೆ ಹಾಕ್ತೀಯಾ?" ಎಂದು ಕೇಳಿದವರಿದ್ದಾರೆ.

"ಎಣ್ಣೆ ಹಾಕಲ್ಲ. ಅದರ ದಾರ ಕತ್ತರಿಸ್ತೀನಿ," ಎನ್ನುತ್ತಾಳೆ ಗ್ಲೆನ್ನಾ. ಚಳಿಗಾಲದ ಕೋಟಿನ ಅಂಚಿಗೆ ಬಿಗಿಯಲೆಂದು ಹಾಕಿರುವ ದಾರದ ತುದಿಯಲ್ಲಿ ಪ್ಲಾಸ್ಟಿಕ್ ಗುಂಡಿಯೊಂದು ನೇತಾಡುತ್ತಿರುತ್ತದೆ. ಅದು ಒರೆಯೊಳಗೆ ನುಸುಳಿ, ಬೆರಳು ಮಾಡಬೇಕಾದ ಕೆಲಸವನ್ನು ತಾನೇ ಮಾಡಿದ್ದನ್ನು ಅವಳು ಈ ಕಸುಬಿನಲ್ಲಿ ಕಂಡಿದ್ದಾಳೆ.

ಡೆಲ್ವಾ ಎಂಬುದು ಕ್ಯಾನ್ಸಸ್‌ನ ಹುಲ್ಲುಗುಡ್ಡಗಳ ನಡುವಿನ ದನದ ಊರು. ಧಾನ್ಯದ ಗೋದಾಮಿನ ಹಿಂದೆ, ಅವಳ ಅಪ್ಪ ಕಟಾವು ಯಂತ್ರ ರಿಪೇರಿ ಮಾಡುತ್ತಿದ್ದ ತಗಡಿನ ಶೆಡ್ಡಿನಲ್ಲೇ ಅವಳ ಅಂಗಡಿ. ಗ್ಲೆನ್ನಾಗೆ ಈಗ ಐವತ್ತೆಂಟು. ಎತ್ತರದ ಆಳು, ನರೆಗೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡಿದ್ದಾಳೆ, ಮಾತಿಗಿಂತ ಮೊದಲು ಎದುರಿನವರ ಕೈ ನೋಡುತ್ತಾಳೆ. ಹರೆಯದಲ್ಲಿ ಬಂದೂಕಿನ ಕೆಲಸ ಕಲಿಸುವ ಶಾಲೆಗೆ ಸೇರಿದಾಗ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಅಲ್ಲಿ ಮೊದಲ ವರ್ಷ ಅವಳ ಕೈಗೆ ಕೊಟ್ಟದ್ದು ಬಂದೂಕಲ್ಲ, ಅರ. ಉಕ್ಕಿನ ತುಂಡೊಂದನ್ನು ಉಜ್ಜಿ ಚಚ್ಚೌಕ ಮಾಡು, ಮೂಲೆ ತಪ್ಪಿದರೆ ಮತ್ತೆ ಉಜ್ಜು. ಅರ್ಧ ತರಗತಿ ಬೇಸತ್ತು ಮನೆಗೆ ಹೋಯಿತು. ಇವಳು ಉಳಿದಳು. "ನಂಗೆ ಬೇಜಾರು ಬರಲ್ಲ. ಅದೊಂದೇ ನನ್ನ ವಿದ್ಯೆ," ಎಂದು ಈಗಲೂ ಹೇಳುತ್ತಾಳೆ.

ಗಂಡ ಮರ್ಲ್ ಜಿಲ್ಲಾಡಳಿತದ ನೌಕರ, ಮಣ್ಣಿನ ರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸುತ್ತಾನೆ. ಅವನಿಗೆ ಹೆಂಡತಿಯ ಕಸುಬಿನ ಮೇಲೆ ಒಂದೇ ದೂರು: "ಅಡುಗೆಮನೆ ಬಾಗಿಲು ಕಿರ್ ಅನ್ನಕ್ಕೆ ಶುರುವಾಗಿ ಎಷ್ಟು ಕಾಲ ಆಯ್ತೋ. ಅದಕ್ಕೊಂದು ಟ್ರಿಗರ್ ಇದ್ದಿದ್ರೆ ಅವತ್ತೇ ಸರಿಯಾಗಿರೋದು."

ಟ್ರಿಗರ್ ವಿಷಯದಲ್ಲಿ ಗ್ಲೆನ್ನಾಳ ಮಾತು ಊರಿಗೆಲ್ಲ ಬಾಯಿಪಾಠ. ಟ್ರಿಗರಿನ ಮೇಲೆ ಬೆರಳಿಟ್ಟು ಎಳೆದಾಗ ಮೊದಲು ಸ್ವಲ್ಪ ಸಡಿಲ ಸಿಗಬೇಕು. ಆಮೇಲೆ ಒಂದು ಗೋಡೆ. ಆ ಗೋಡೆ ಬೆರಳಿಗೆ ಸ್ಪಷ್ಟವಾಗಿ ತಿಳಿಯಬೇಕು, 'ಇಲ್ಲಿಂದಾಚೆಗೆ ನಿನ್ನ ಜವಾಬ್ದಾರಿ' ಎಂದು ಹೇಳಬೇಕು. ಅದನ್ನು ದಾಟಿದರೆ, ಒಣಗಿದ ಸೋಯಾ ಕಾಯಿ ಒಡೆದ ಹಾಗೆ ಒಂದೇ ಏಟಿಗೆ ಬಿಡಬೇಕು. ಮರಳಿನ ಮೇಲೆ ಪೆಟ್ಟಿಗೆ ಎಳೆದಂತೆ ಕರಕರ ಅನ್ನಬಾರದು. ಬರುವವರೆಲ್ಲ ಕೇಳುವುದು ಹಗುರ ಮಾಡಿಕೊಡು ಎಂದು. ಗುರಿ ಪಂದ್ಯದ ಪಿಸ್ತೂಲಾದರೆ ಮಾಡಿಕೊಡುತ್ತಾಳೆ. ಸೊಂಟದಲ್ಲಿಡುವುದಕ್ಕೆ ನುಣುಪು ಮಾಡುತ್ತಾಳೆ, ಭಾರ ಇಳಿಸುವುದಿಲ್ಲ. "ಹೆದರಿದಾಗ ನಿನ್ನ ಬೆರಳಿಗೆ ಬುದ್ಧಿ ಇರಲ್ಲಪ್ಪ. ಆಗ ಟ್ರಿಗರಿಗಾದ್ರೂ ಸ್ವಲ್ಪ ಇರ್ಲಿ," ಎಂಬುದು ಅವಳ ತೀರ್ಮಾನ. ಅದರ ಮೇಲೆ ವಾದವಿಲ್ಲ.

ಶರತ್ಕಾಲದ ಕೊನೆಗೆ ಬಾಯ್ಡ್ ಟ್ಯಾರಂಟ್ ಬಂದದ್ದೂ ಹಗುರ ಮಾಡಿಕೊಡು ಎಂದು ಕೇಳಿಕೊಂಡೇ. ಬಾಯ್ಡ್ ಡೆಲ್ವಾದ ದನದ ಹರಾಜು ಕಟ್ಟೆಯಲ್ಲಿ ಹರಾಜು ಕೂಗುವವನು. ಅವನೂ ಗ್ಲೆನ್ನಾಳೂ ಒಂದೇ ಶಾಲೆ, ಒಂದೇ ಬಸ್ಸು. ಅವನ ನಾಲಿಗೆ ಎಷ್ಟು ಚುರುಕೆಂದರೆ ಎತ್ತು ಬಾಗಿಲು ದಾಟುವಷ್ಟರಲ್ಲಿ ಅದರ ಬೆಲೆ ಮೂರು ಸಲ ಏರಿರುತ್ತದೆ. ಹೊಸದಾಗಿ ಕೊಂಡ ಪುಟ್ಟ ಪಿಸ್ತೂಲನ್ನು ಅವನು ಮೇಜಿನ ಮೇಲಿಟ್ಟ, ಖಾಲಿ ಎಂದು ತೋರಿಸಿದ. ಅವಳೂ ತನ್ನ ಕಿರುಬೆರಳನ್ನು ಗುಂಡಿನ ಗೂಡಿಗೆ ತೂರಿಸಿ ನೋಡಿದಳು. ಆ ಊರಿನಲ್ಲಿ ಇದು ಕೈ ಕುಲುಕಿದಷ್ಟೇ ಸಹಜ. ಯಾರೂ ಅಪನಂಬಿಕೆ ಎಂದುಕೊಳ್ಳುವುದಿಲ್ಲ.

"ಒರೆ ಎಲ್ಲೋ?"

"ಮನೇಲಿದೆ. ಅಪ್ಪಂದೇ ಕಣೇ ಅದು. ನೀನು ನೋಡಿರೋದೇ."

ನೋಡಿದ್ದಳು. ಬಾಯ್ಡ್‌ನ ಅಪ್ಪ ಎಮೆಟ್ ಟ್ಯಾರಂಟ್ ಸೊಂಟದ ಮೇಲೆ ಆ ಕಂದು ಚರ್ಮದ ಒರೆಯಿಲ್ಲದೆ ಕುದುರೆ ಹತ್ತಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಜೀನು ಹೊಲಿಯುವವನೊಬ್ಬ ಅದರ ಮೇಲೆ ಗೋಧಿ ತೆನೆ ಕೆತ್ತಿದ್ದ. ಎಮೆಟ್ ತೀರಿಕೊಂಡ ಮೇಲೆ ಬಾಯ್ಡ್ ಅದನ್ನು ತನ್ನ ಬೆಲ್ಟಿಗೆ ಸೇರಿಸಿಕೊಂಡ. ಅಂಥ ಒರೆ ಡೆಲ್ವಾದಲ್ಲಿ ಮನೆಗೊಂದು ಸಿಗುತ್ತದೆ. ಗಡಿಯಾರ, ಜೀನು, ಒರೆ ಇವು ಅಪ್ಪನಿಂದ ಮಗನಿಗೆ.

"ಹೋಗಿ ತಗೊಂಡು ಬಾ, ಆಮೇಲೆ ಕೆಲಸ ಮಾಡ್ತೀನಿ."

"ಅಮ್ಮಾವ್ರೇ, ನಾಡಿದ್ದು ಹರಾಜಿದೆ, ನಂಗೆ ಉಸಿರಾಡಕ್ಕೆ ಪುರುಸೊತ್ತಿಲ್ಲ. ನಾನೇನು ಪರವೂರಿನವನಾ?"

ಅವನು ಪರವೂರಿನವನಲ್ಲ. ಗ್ಲೆನ್ನಾ ಪಿಸ್ತೂಲು ಇಟ್ಟುಕೊಂಡಳು. ಸ್ಪ್ರಿಂಗು ಬದಲಿಸಲು ಒಪ್ಪಲಿಲ್ಲ, ಒಳಗಿನ ಒರಟನ್ನಷ್ಟೇ ತೆಗೆದಳು, ಟ್ರಿಗರನ್ನು ಕೊಕ್ಕೆ ತಕ್ಕಡಿಯಲ್ಲಿ ಎಳೆದು ನೋಡಿ ಐದೂವರೆ ಪೌಂಡು ಎಂದು ಚೀಟಿ ಬರೆದು ಕೊಟ್ಟಳು. ಕಾರ್ಖಾನೆಯಿಂದ ಬಂದಾಗಲೂ ಅದು ಅಷ್ಟೇ ಇತ್ತು. ಬಾಯ್ಡ್ ಅಲ್ಲೇ ಖಾಲಿ ಪಿಸ್ತೂಲನ್ನು ಮರಳಿನ ಡ್ರಮ್ಮಿನತ್ತ ಹಿಡಿದು ಎಳೆದು ನೋಡಿ, "ಬೆಣ್ಣೆ!" ಎಂದು ಹೋದ.

ಫೆಬ್ರವರಿಯ ಚಳಿಯಲ್ಲಿ ಆ ಪಿಸ್ತೂಲು ಹಾರಿತು. ಬಾಯ್ಡ್ ಪೆಟ್ರೋಲು ಹಾಕಿಸಲು ಪಿಕಪ್ ನಿಲ್ಲಿಸಿದ್ದ. ಕೂತು ಓಡಿಸುವಾಗ ಒತ್ತುತ್ತದೆಂದು ಪಿಸ್ತೂಲನ್ನು ಪಕ್ಕದ ಸೀಟಿನ ಮೇಲಿಟ್ಟಿದ್ದವನು, ಕೆಳಗಿಳಿದು, ದಪ್ಪ ಕೋಟನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯಿಂದ ಪಿಸ್ತೂಲನ್ನು ಒರೆಗೆ ತೂರಿಸಿದ. ಅರ್ಧಕ್ಕೆ ನಿಂತಿತು. ಒತ್ತಿದ. ಗುಂಡು ಮೀನಖಂಡವನ್ನು ಸವರಿಕೊಂಡು, ಬೂಟಿನ ಹಿಮ್ಮಡಿ ಕಿತ್ತು ಕಾಂಕ್ರೀಟಿಗೆ ಬಡಿಯಿತು. ಹೊಲಿಗೆ ಹಾಕಿಸಿಕೊಂಡು ಅದೇ ದಿನ ಮನೆಗೆ ಬಂದ. ಅವನ ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ. ಅದನ್ನು ಪಂಪಿನ ಹತ್ತಿರ ನಿಂತಿದ್ದವರೂ ನೋಡಿದ್ದರು.

"ತಾನಾಗೇ ಹಾರ್ತು," ಎಂದ ಬಾಯ್ಡ್. ಆಮೇಲೆ, "ಗ್ಲೆನ್ನಾ ಕೈ ಹಾಕಿದ ಮೇಲೆ ತಾನಾಗೇ ಹಾರ್ತು."

ಹರಾಜು ಕೂಗುವವನ ಬಾಯಿಂದ ಬಂದ ಮಾತು ಜಿಲ್ಲೆ ದಾಟಲು ಒಂದು ಗುರುವಾರ ಸಾಕು. ಗುರುವಾರ ದನದ ಹರಾಜಿನ ದಿನ, ಬಾಯ್ಡ್‌ನ ಕೈಯಲ್ಲಿ ಮೈಕಿರುವ ದಿನ. ಚರ್ಚಿನ ಕಾವಲಿಗೆ ನಿಲ್ಲುವವರು ರಿಪೇರಿಗೆ ಬಿಟ್ಟಿದ್ದ ತಮ್ಮ ಪಿಸ್ತೂಲುಗಳನ್ನು ಹಾಗೇ ವಾಪಸು ಒಯ್ದರು, ಮುಖ ನೋಡದೆ, ಹವಾಮಾನದ ಮಾತಾಡುತ್ತಾ. ಫೋನು ನಿಂತಿತು. ಬಂದೂಕಿನ ಕೆಲಸದವರಿಗೆ ಬೇರೆ ಯಾವ ಹೆಸರು ಬಂದರೂ ತಡೆದುಕೊಳ್ಳಬಹುದು. ತಡ ಮಾಡುತ್ತಾಳೆ, ಸಿಡುಕಿ, ದುಬಾರಿ, ಏನಾದರೂ ಅನ್ನಲಿ. ಅವಳು ಮುಟ್ಟಿದ್ದು ತಾನಾಗಿ ಹಾರುತ್ತದೆ ಎಂದರೆ ಅಂಗಡಿಗೆ ಬೀಗ.

"ಹೋಗಿ ಅವನ ಹತ್ರ ಮಾತಾಡು," ಎಂದ ಮರ್ಲ್.

"ಮಾತಲ್ಲಿ ಬಾಯ್ಡ್‌ನ ಗೆಲ್ಲಕ್ಕಾಗತ್ತಾ? ನಂಗೆ ಆ ಪಿಸ್ತೂಲು ಬೇಕು. ನಾನು ಕೆಟ್ಟದಾಗಿ ಮಾಡಿದ್ರೆ ಅದೇ ಹೇಳತ್ತೆ. ಮಾಡಿಲ್ಲ."

ಮುಂದಿನ ಗುರುವಾರ ಹರಾಜಿಗೆ ಮುಂಚೆ ಅವಳು ಕಟ್ಟೆಯ ಹೋಟೆಲಿಗೆ ಹೋದಳು. ಅದು ಡಾರ್ಲಾ ಎಂಬವಳ ಹೋಟೆಲು. ಚಳಿಗಾಲದಲ್ಲಿ ಅಲ್ಲಿ ಕಾಳು, ಮಾಂಸ ಹಾಕಿ ಬೇಯಿಸಿದ ಖಾರದ ಚಿಲ್ಲಿ, ಅದಕ್ಕೆ ಅದ್ದಿಕೊಳ್ಳಲು ದಾಲ್ಚಿನ್ನಿಯ ಸಿಹಿ ಬನ್ನು. ಬಾಯ್ಡ್ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದ, ಸುತ್ತ ಐದಾರು ಟೋಪಿಗಳು. ಗ್ಲೆನ್ನಾ ನೇರವಾಗಿ ಆ ಮೇಜಿಗೇ ಹೋದಳು.

"ಕಾಲು ಹೇಗಿದೆ?"

"ಇದೆ. ನಿನ್ನ ದಯೆ."

"ನಿನ್ನ ಪಿಸ್ತೂಲು, ಒರೆ, ಬೆಲ್ಟು, ಅವತ್ತು ಹಾಕ್ಕೊಂಡಿದ್ದ ಕೋಟು, ಎಲ್ಲಾ ತಗೊಂಡು ಅಂಗಡಿಗೆ ಬಾ. ನಿನ್ನ ಮುಂದೇನೇ ನೋಡ್ತೀನಿ."

"ಗುಂಡು ಹಾರಿಸಿದ್ದು ಪಿಸ್ತೂಲು ಕಣಮ್ಮಾ. ಕೋಟು ಏನು ಮಾಡ್ತು, ಪಾಪ?"

ಟೋಪಿಗಳು ನಕ್ಕವು. ಡಾರ್ಲಾ ಅಡುಗೆಕಟ್ಟೆಯಿಂದಲೇ, "ಅವಳು ಕೇಳಿದ್ದನ್ನ ತಂದ್ಕೊಡೋ, ಬಾಯಿಬಡುಕ. ಚಿಲ್ಲಿ ಆರ್ತಿದೆ," ಎಂದಳು.

"ಇವತ್ತು ಪಿಸ್ತೂಲು ಕಟ್ಕೊಂಡಿದೀಯಾ?" ಎಂದು ಕೇಳಿದಳು ಗ್ಲೆನ್ನಾ.

"ತಾನಾಗಿ ಹಾರೋದನ್ನ ಯಾರು ಕಟ್ಕೋತಾರೆ? ಮನೇಲಿ ಪೆಟ್ಟಿಗೆಗೆ ಹಾಕಿಟ್ಟಿದೀನಿ."

ಅಷ್ಟು ಹೇಳಿ ಅವನು ಬನ್ನಿಗೆ ಕೈ ಚಾಚಿದ. ಕೋಟಿನ ಅಂಚು ಸರಿಯಿತು. ಸೊಂಟದಲ್ಲಿ ಎಮೆಟ್‌ನ ಒರೆ ಖಾಲಿಯಾಗಿ ನೇತಾಡುತ್ತಿತ್ತು. ಪಿಸ್ತೂಲನ್ನು ಬಿಟ್ಟಿದ್ದ, ಒರೆಯನ್ನು ಬಿಟ್ಟಿರಲಿಲ್ಲ. ಗ್ಲೆನ್ನಾ ಆ ಒರೆಯನ್ನು ಹತ್ತಿರದಿಂದ ನೋಡಿ ಎಷ್ಟೋ ವರ್ಷವಾಗಿತ್ತು. ಬಾಯಿಯ ಅಂಚು ಕಪ್ಪಾಗಿ, ಬೆವರು ಕುಡಿದು, ಬಾಡಿದ ಎಲೆಯ ಹಾಗೆ ಒಳಕ್ಕೆ ಮಡಚಿಕೊಂಡಿತ್ತು.

ಅವಳಿಗೆ ಆ ಗಳಿಗೆಯಲ್ಲೇ ತಿಳಿಯಿತು. ಅಷ್ಟು ಜನರ ಮುಂದೆ ಬೆರಳು ಮಾಡಿ ತೋರಿಸಿದ್ದರೆ ಅವಳ ಹೆಸರು ಅಲ್ಲೇ ತೊಳೆದುಹೋಗುತ್ತಿತ್ತು. ತೋರಿಸಲಿಲ್ಲ. ನಿನ್ನನ್ನು ಹೊಡೆದದ್ದು ನಿನ್ನಪ್ಪನ ಒರೆ ಎಂದು ಮಗನಿಗೆ ಹೇಳುವ ಜಾಗ ಹೋಟೆಲಲ್ಲ.

"ಸೋಮವಾರ ಬಾ," ಎಂದಳು. "ಆ ಬೆಲ್ಟು ಕಟ್ಕೊಂಡೇ ಬಾ. ಬರ್ದಿದ್ರೆ, ಹೆದರಿದಾನೆ ಅಂತ ಡಾರ್ಲಾಗೆ ಹೇಳ್ತೀನಿ."

"ಹೇಳು, ಹೇಳು," ಎಂದಳು ಡಾರ್ಲಾ. "ನಾನು ಮೈಕ್ ಇಲ್ದೇನೇ ಸಾರ್ತೀನಿ."

ಸೋಮವಾರ ಬಾಯ್ಡ್ ಕುಂಟುತ್ತಾ ಬಂದ. ಒಬ್ಬನೇ ಬಂದ. ಪಿಸ್ತೂಲು ಖಾಲಿ ಎಂದು ಅವನು ನೋಡಿದ, ಅವಳು ನೋಡಿದಳು. ಗುಂಡುಗಳಿದ್ದ ಡಬ್ಬಿಯನ್ನು ಗ್ಲೆನ್ನಾ ಪಕ್ಕದ ಕೋಣೆಯಲ್ಲಿಟ್ಟು ಬಾಗಿಲು ಹಾಕಿದಳು. ತಕ್ಕಡಿಯ ಕೊಕ್ಕೆಯನ್ನು ಅವನ ಕೈಗೇ ಕೊಟ್ಟಳು. ಅವನು ಎಳೆದ. ಐದೂವರೆ. ಮತ್ತೆ ಎಳೆದ, ಅಷ್ಟೇ. ಆಮೇಲೆ ಅವಳು ರಬ್ಬರು ಸುತ್ತಿಗೆಯಿಂದ ಪಿಸ್ತೂಲಿನ ಹಿಂದಕ್ಕೆ, ಮಗ್ಗುಲಿಗೆ, ತಲೆಗೆ ಹೊಡೆದಳು. ದಪ್ಪ ರಬ್ಬರು ಹಾಸಿನ ಮೇಲೆ ಬೀಳಿಸಿದಳು. ಒಂದು ಸಲವೂ ಒಳಗಿನ, ಗುಂಡಿಗೆ ಬಡಿಯುವ ಸೂಜಿ ಜಾರಲಿಲ್ಲ.

"ಹಂಗಾದ್ರೆ ನಾನು ಸುಳ್ಳುಗಾರನಾ?" ಬಾಯ್ಡ್‌ನ ಮುಖ ಕೆಂಪಾಗಿತ್ತು. "ನನ್ನ ಬೆರಳು ಅಲ್ಲಿರ್ಲಿಲ್ಲ ಗ್ಲೆನ್ನಾ. ಅಮ್ಮನಾಣೆ ಇರ್ಲಿಲ್ಲ."

"ಇರ್ಲಿಲ್ಲ ಅಂತ ಗೊತ್ತು. ಕೋಟು ಹಾಕ್ಕೋ. ಅವತ್ತು ಹೇಗೆ ನಿಂತಿದ್ದೆಯೋ ಹಾಗೇ ನಿಂತು ಒರೆಗೆ ಹಾಕು."

ಹಾಕಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಎಂದಳು. ಅವಳು ಪಿಸ್ತೂಲನ್ನು ಪ್ರತಿ ಸಲವೂ ತೆಗೆದು, ಖಾಲಿ ಎಂದು ನೋಡಿ, ಅದರ ಮೇಲಿನ ಜಾರುಪಟ್ಟಿಯನ್ನು ಹಿಂದಕ್ಕೆಳೆದು ಸಜ್ಜು ಮಾಡಿ ಕೊಡುತ್ತಿದ್ದಳು. ಬಾಯ್ಡ್ ಬೇಸರಪಟ್ಟುಕೊಂಡು ಹಾಕುತ್ತಿದ್ದ. ಒಂದು ಸಲ ಪಿಸ್ತೂಲು ಅರ್ಧದಲ್ಲಿ ತಡೆಯಿತು, ಅವನು ಅಭ್ಯಾಸಬಲದಿಂದ ಒತ್ತಿದ.

ಟಕ್.

ಸಣ್ಣ ಸದ್ದು. ಖಾಲಿ ಪಿಸ್ತೂಲಿನೊಳಗೆ ಆ ಸೂಜಿ ಬಡಿದ ಸದ್ದು. ಬಾಯ್ಡ್‌ನ ಐದು ಬೆರಳೂ ಹಿಡಿಯ ಮೇಲಿದ್ದವು. ಅವನು ಕೈ ತೆಗೆಯದೆ ಹಾಗೇ ನಿಂತ.

"ಅಲ್ಲಾಡ್ಬೇಡ," ಎಂದು ಗ್ಲೆನ್ನಾ ಮೊಣಕಾಲೂರಿ ದೀಪ ಹಿಡಿದಳು. "ಬಗ್ಗಿ ನೋಡು."

ಒರೆಯ ಮೆತ್ತನೆಯ ಬಾಯಿ ಒಳಕ್ಕೆ ಮಡಚಿ, ನಾಲಿಗೆಯ ಹಾಗೆ ಟ್ರಿಗರಿನ ಮುಂದೆ ಕೂತಿತ್ತು. ಮೇಲಿಂದ ಒತ್ತಿದಷ್ಟೂ ಅದು ಟ್ರಿಗರನ್ನು ಹಿಂದಕ್ಕೆ ತಳ್ಳುತ್ತಿತ್ತು. ಈ ಜಾತಿಯ ಪಿಸ್ತೂಲಿನಲ್ಲಿ ರಕ್ಷಣೆಯ ಕೀಲು ಟ್ರಿಗರಿನ ನಡುವೆಯೇ ಇರುತ್ತದೆ. ಟ್ರಿಗರನ್ನು ಒತ್ತಿದರೆ ಅದೂ ಒತ್ತಿಕೊಳ್ಳುತ್ತದೆ, ಒತ್ತಿದ್ದು ಬೆರಳೋ ಚರ್ಮವೋ ಅದಕ್ಕೆ ತಿಳಿಯದು.

"ಅಪ್ಪ ಇದನ್ನ ನಲವತ್ತು ವರ್ಷ ಕಟ್ಟಿದಾನೆ," ಎಂದ ಬಾಯ್ಡ್, ಸಣ್ಣ ದನಿಯಲ್ಲಿ. "ಒಂದು ದಿನ ಹಾರಿಲ್ಲ."

"ಅವರ ಹತ್ರ ಇದ್ದಿದ್ದು ತಿರುಗೋ ರಿವಾಲ್ವರು. ಅದರ ಟ್ರಿಗರು ಬಾವಿಯಿಂದ ನೀರು ಸೇದಿದ ಹಾಗೆ, ಅಷ್ಟುದ್ದ, ಅಷ್ಟು ಭಾರ. ಈ ಚರ್ಮ ಎಷ್ಟು ತಳ್ಳಿದ್ರೂ ಅದು ಜಗ್ತಿರ್ಲಿಲ್ಲ. ಆಗ ಚರ್ಮನೂ ಗಟ್ಟಿ ಇತ್ತು. ನೀನು ಇದನ್ನ ನೀರಲ್ಲಿ ನೆನೆಸಿ ಹೊಸ ಪಿಸ್ತೂಲಿಗೆ ಒಗ್ಗಿಸಿದೀಯ, ಅಲ್ವಾ?"

"ಎಲ್ಲರೂ ಹಂಗೇ ಮಾಡೋದು."

"ಹೌದು. ಎಲ್ಲರೂ ಮಾಡ್ತಾರೆ."

ಬಾಯ್ಡ್ ಸ್ಟೂಲಿನ ಮೇಲೆ ಕೂತು, ಒರೆಯನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಗೋಧಿ ತೆನೆಯ ಮೇಲೆ ಹೆಬ್ಬೆರಳು ಆಡಿಸಿದ. "ಇದನ್ನ ಗಟ್ಟಿ ಮಾಡಕ್ಕಾಗತ್ತಾ?"

"ಸುಳ್ಳು ಹೇಳಲ್ಲ. ಆಗಲ್ಲ. ಅದು ದುಡಿದು ಮುಗಿಸಿದೆ."

ಅವನು ಒರೆಯ ಬಾಯನ್ನು ಬೆರಳಿನಿಂದ ನೆಟ್ಟಗೆ ಮಾಡಿ ಬಿಟ್ಟ, ಅದು ಮತ್ತೆ ಮಡಚಿಕೊಂಡಿತು. ಅವಳೇ ಮುಂದುವರಿಸಿದಳು.

"ಇನ್ನೊಂದು ಮಾತು. ಒರೆ ತಂದಿಲ್ಲ ಅಂದಾಗ ನಾನು ಪಿಸ್ತೂಲು ಮುಟ್ಬಾರ್ದಿತ್ತು. ಪರಿಚಯ ಅಂತ ಬಿಟ್ಟೆ. ಅವತ್ತು ಇದನ್ನ ನೋಡಿದ್ರೆ ನೀನು ಬೂಟು ಕಳ್ಕೋತಿರ್ಲಿಲ್ಲ."

"ಬೂಟು ಹಾಳಾಗಿ ಹೋಗ್ಲಿ ಬಿಡೇ."

"ಬಿಡಕ್ಕಾಗಲ್ಲ. ಗುರುವಾರ ಮೈಕಲ್ಲಿ ಹೇಳ್ದಾಗ ಅದನ್ನೂ ಹೇಳು."

"ಮೈಕಲ್ಲಿ ಹೇಳ್ತೀನಿ ಅಂತ ಯಾರು ಅಂದ್ರು?"

"ಮೈಕಲ್ಲಿ ಕೆಡಿಸಿದ್ದು ಮೈಕಲ್ಲೇ ಸರಿಯಾಗ್ಬೇಕು," ಎಂದು ಗ್ಲೆನ್ನಾ ದೀಪ ಆರಿಸಿದಳು.

ಗುರುವಾರ ಅವಳು ಹರಾಜು ಅಖಾಡದ ಮೆಟ್ಟಿಲು ಬೆಂಚಿನಲ್ಲಿ, ಎಲ್ಲರಿಗೂ ಕಾಣುವ ಕಡೆ ಕೂತಳು. ಪಕ್ಕದ ಜಾಗ ಖಾಲಿಯೇ ಉಳಿಯಿತು. ಒಂದೊಂದೇ ದನ ಒಳಗೆ ಬಂದು ಹೋಗುತ್ತಿತ್ತು, ಬಾಯ್ಡ್‌ನ ನಾಲಿಗೆ ಓಡುತ್ತಿತ್ತು. ಅಖಾಡದಲ್ಲಿ ಲಾಯಲ್ ಎಂಬವನು ಕೋಲು ಹಿಡಿದು ನಿಂತಿದ್ದ. ಯಾರು ತಲೆ ಆಡಿಸಿದರು, ಯಾರು ಕೈ ಎತ್ತಿದರು ಎಂದು ಹುಡುಕಿ 'ಹೋ!' ಎಂದು ಕೂಗುವುದು ಅವನ ಕೆಲಸ. ಬಿಳಿ ಮುಖದ ಕೆಂಪು ಹಸುವೊಂದು ಒಳಗೆ ಬಂದು ಸುತ್ತ ಮೂಸಿತು. ಬಾಯ್ಡ್ ಬೆಲೆ ಶುರುಮಾಡಿ, ನಡುವೆಯೇ ನಿಲ್ಲಿಸಿದ. ಹಾಗೆ ಅವನು ನಿಲ್ಲಿಸುವುದಿಲ್ಲ. ಜನ ತಲೆಯೆತ್ತಿದರು.

"ನನ್ನ ಕಾಲಿನ ವಿಷಯ," ಎಂದ ಮೈಕಿನಲ್ಲಿ. "ಗ್ಲೆನ್ನಾ ರಾಡ್ಕಿ ಮಾಡಿದ ಕೆಲಸದಿಂದ ಪಿಸ್ತೂಲು ಹಾರ್ತು ಅಂದಿದ್ದೆ. ಅದು ತಪ್ಪು. ಪಿಸ್ತೂಲು ಸರಿಯಿದೆ. ನಮ್ಮಪ್ಪನ ಒರೆ ಹಳೇದಾಗಿ, ಬಾಯಿ ಒಳಗೆ ಮಡಚ್ಕೊಂಡು ಟ್ರಿಗರ್ ಒತ್ತಿದೆ. ನನ್ನ ಕೈಯಿಂದಲೇ ಖಾಲಿ ಪಿಸ್ತೂಲಲ್ಲಿ ಮಾಡಿಸಿ ತೋರಿಸಿದ್ಳು. ನಮ್ಮಪ್ಪ ಇದ್ದಿದ್ರೆ ಮೊದಲು ನಂಗೆ ಒದೀತಿದ್ದ. ನಿಮ್ಮಲ್ಲಿ ಎಷ್ಟು ಜನರ ಸೊಂಟದಲ್ಲಿ ಅಪ್ಪನ ಒರೆ ಇದೆ ಅಂತ ನಂಗೊತ್ತು. ಮನೆಗೆ ಹೋಗಿ ಅದರ ಬಾಯಿ ನೋಡಿ. ಆಯ್ತು. ಈ ಹಸು, ಮೂರನೇ ಕರು ಹೊಟ್ಟೇಲಿದೆ, ಯಾರಂತೀರಿ, ಯಾರಂತೀರಿ..."

ಅವನು ಅರ್ಧ ಹೇಳಿದ್ದ. ಗ್ಲೆನ್ನಾ ಕೈ ಎತ್ತಿದಳು.

"ಹೋ!" ಎಂದ ಲಾಯಲ್.

"ಬಂತು! ಇನ್ನು ಮೇಲೆ ಯಾರು, ಮೇಲೆ ಯಾರು..." ಬಾಯ್ಡ್‌ನ ನಾಲಿಗೆ ಅದರ ಪಾಡಿಗೆ ಹರಿದು, ಆಮೇಲೆ ಅವನ ಕಣ್ಣು ಕೈಯ ಒಡತಿಯನ್ನು ಕಂಡಿತು. "ಗ್ಲೆನ್ನಾ, ಕೈ ಇಳ್ಸೇ! ಹಸು ನಿಂದಾಗತ್ತೆ!"

"ಪೂರ್ತಿ ಹೇಳು."

ಮೇಲಿನ ಬೆಂಚಿನಲ್ಲಿ ಯಾರೋ ತಲೆ ಆಡಿಸಿದರು. "ಹೋ!" ಎಂದ ಲಾಯಲ್. ಗ್ಲೆನ್ನಾಳ ಕೈ ಮೇಲೇ ಇತ್ತು. "ಹೋ!"

"ಅಮ್ಮಾವ್ರೇ, ಕೈ!"

"ನಾನು ಒರೆ ನೋಡ್ದೇನೇ ಕೆಲಸ ತಗೊಂಡೆ," ಎಂದು ಅವಳು ಎದ್ದು ನಿಂತು, ಮೈಕು ಬೇಡದ ದನಿಯಲ್ಲಿ ಕೂಗಿದಳು. "ಅವನು ತರ್ಲಿಲ್ಲ, ನಾನು ಒತ್ತಾಯ ಮಾಡ್ಲಿಲ್ಲ. ಅದು ನನ್ನ ತಪ್ಪು. ಇನ್ನು ಮೇಲೆ ಒರೆ, ಬೆಲ್ಟು, ಕೋಟು ತರ್ದೇ ಇದ್ದವರ ಪಿಸ್ತೂಲು ಮುಟ್ಟಲ್ಲ. ಪಾದ್ರಿ ಆಗ್ಲಿ, ಶೆರೀಫ್ ಆಗ್ಲಿ, ನನ್ನ ಗಂಡ ಆಗ್ಲಿ."

ಅಖಾಡ ನಕ್ಕಿತು. ಮೇಲಿನ ಬೆಂಚಿನವನು ತಲೆ ಆಡಿಸುವುದನ್ನು ಮರೆತಿದ್ದ. ಬಾಯ್ಡ್ ಒಂದು ಕ್ಷಣ ಅವಳನ್ನೂ ಇನ್ನೂ ಮೇಲಿದ್ದ ಅವಳ ಕೈಯನ್ನೂ ನೋಡಿ, ಸುತ್ತಿಗೆ ಕುಟ್ಟಿದ. "ಗ್ಲೆನ್ನಾ ರಾಡ್ಕಿಗೆ!"

ಅವಳು ಕೈ ಇಳಿಸಿ ಹಸುವನ್ನು ನೋಡಿದಳು. ಕೆಟ್ಟ ಹಸುವೇನಲ್ಲ.

ಮಧ್ಯಾಹ್ನ ಮರ್ಲ್ ನೆರೆಮನೆಯವರ ದನದ ಗಾಡಿಯನ್ನು ಪಿಕಪ್ಪಿಗೆ ಕಟ್ಟಿಕೊಂಡು ಬಂದ. ಕೆಳಗಿಳಿದು, ಹಸುವಿನ ಸುತ್ತ ಒಂದು ಸುತ್ತು ಹಾಕಿದ. "ಹೆಸರು ತೊಳ್ಕೊಂಡು ಬರ್ತೀನಿ ಅಂತ ಹೋದೋಳು," ಎಂದ.

"ತೊಳ್ಕೊಂಡೆ. ಇದು ಸೋಪಿನ ಖರ್ಚು."

ಲಾಯಲ್ ಕೋಲು ಹಿಡಿದು ಹಸು ಹತ್ತಿಸಲು ಬಂದವನು, ಕೆಲಸ ಬಿಟ್ಟು ಅವಳ ಪಕ್ಕದಲ್ಲೇ ಸುಳಿದಾಡಿದ. ಕೊನೆಗೆ ಕೋಟಿನ ಅಂಚನ್ನು ಒಂದಿಷ್ಟು ಎತ್ತಿ ತೋರಿಸಿದ. ಅಂಚು ಸವೆದು ಬೆಣ್ಣೆಯಂತೆ ಮೆತ್ತಗಾದ ಕಪ್ಪು ಒರೆ, ಅದರೊಳಗೆ ಪಿಸ್ತೂಲು.

"ನಂದು ತಾತಂದು," ಎಂದ. "ಇದರ ಬಾಯಿ ಕೂಡ ಸ್ವಲ್ಪ..."

"ಈಗ ಅದಕ್ಕೆ ಕೈ ಹಾಕ್ಬೇಡ. ಹೊರಗೂ ತೆಗೀಬೇಡ, ಒಳಗೂ ಒತ್ಬೇಡ," ಎಂದಳು ಗ್ಲೆನ್ನಾ. "ಕೋಟಿನ ಅಂಚು ಕೆಳಗೆ ಬಿಡು. ಆ ಗೇಟು ಹಿಡ್ಕೋ, ಮೊದಲು ಹಸು ಹತ್ಲಿ. ಆಮೇಲೆ ನಮ್ಮ ಗಾಡಿ ಹಿಂದೇನೇ ಅಂಗಡಿಗೆ ಬಾ."